ಟೆಕ್ಸಾಸ್ ಬೆಂಕಿ: ದನ ಸಾಕುವವರಿಗೆ ಹುಲ್ಲು ಕಳಿಸಬೇಕೋ, ಬೇಲಿಗೆ ದುಡ್ಡು ಕೊಡಬೇಕೋ?

ಡಲ್ಲಾಸ್ ವಾಸಿ: 2024ರ ಫೆಬ್ರವರಿ 26ರಂದು ಟೆಕ್ಸಾಸ್‌ನ ಉತ್ತರ ತುದಿಯ ಪ್ಯಾನ್‌ಹ್ಯಾಂಡಲ್ ಪ್ರದೇಶದಲ್ಲಿ ಹೊತ್ತಿದ ಸ್ಮೋಕ್‌ಹೌಸ್ ಕ್ರೀಕ್ ಬೆಂಕಿ ಹತ್ತು ಲಕ್ಷ ಎಕರೆಗೂ ಜಾಸ್ತಿ ಸುಟ್ಟಿತು. ಸಾವಿರಾರು ದನ ಸತ್ತವು. ಬೇರೆ ರಾಜ್ಯಗಳಿಂದ ಲಾರಿಗಟ್ಟಲೆ ಒಣಹುಲ್ಲು ಬಂತು. ನನ್ನ ಪ್ರಕಾರ ಇಂಥ ಹೊತ್ತಲ್ಲಿ ಹುಲ್ಲಿಗಿಂತ ಬೇಲಿಗೆ ದುಡ್ಡು ಕೊಡುವುದು ಮೇಲು. ಬೇಲಿ ಇಲ್ಲದಿದ್ದರೆ ಮಳೆ ಬಂದು ಹುಲ್ಲು ಚಿಗುರಿದರೂ ದನ ಮೇಯಿಸಲು ಆಗುವುದಿಲ್ಲ.

ಕೊಟ್ಟಿಗೆ: "ಹುಲ್ಲಿಗಿಂತ" ಅಂತೀರಲ್ಲ, ಆ ವಾರ ಅಲ್ಲಿ ಹಿಮ ಬಿದ್ದದ್ದು ಗೊತ್ತಾ? ಮೇವು ಸುಟ್ಟು ಬೂದಿ, ಮೇಲೆ ಚಳಿ. ಉಳಿದ ದನ ಅವತ್ತೇ ತಿನ್ನಬೇಕು, ಬೇಲಿ ಆಗೋವರೆಗೆ ಕಾಯೋಕಾಗಲ್ಲ.

ಲೆಕ್ಕದ ಪುಸ್ತಕ: ದಾನ ಯಾಕೆ ಬೇಕು? ಸತ್ತ ದನಕ್ಕೆ ಅಮೆರಿಕ ಸರ್ಕಾರ ಮಾರುಕಟ್ಟೆ ಬೆಲೆಯ 75% ಕೊಡುತ್ತದೆ. ಬೇಲಿಗೂ ಖರ್ಚಿನ 75%ರವರೆಗೆ ಸಿಗುತ್ತದೆ. ಎಲ್ಲ ಕೇಳಿಸಿಕೊಂಡು ಮಾತಾಡಿ.

ಪಶುವೈದ್ಯೆ: "ಸತ್ತ ದನಕ್ಕೆ" ಅಂದಿರಿ. ಬೆಂಕಿ ಎಲ್ಲವನ್ನೂ ಅವತ್ತೇ ಕೊಲ್ಲುವುದಿಲ್ಲ. ಕೆಚ್ಚಲು ಸುಟ್ಟ ಹಸು ಕರುವಿಗೆ ಹಾಲು ಕೊಡಲಾರದು. ಗೊರಸು ಬೆಂದ ದನ ಮೊದಲ ದಿನ ನಡೆದಾಡುತ್ತದೆ, ವಾರ ಕಳೆದ ಮೇಲೆ ಗೊರಸು ಕಳಚಿ ಮಲಗುತ್ತದೆ. ಅದು ಕರು ಹಾಕುವ ಕಾಲ ಬೇರೆ. ಗಬ್ಬದ ಹಸು ಸತ್ತರೆ ಹೊಟ್ಟೆಯ ಕರುವಿಗೆ ಆ ವರ್ಷ ಒಂದು ಡಾಲರ್ ಕೂಡ ಇರಲಿಲ್ಲ.

ಡಲ್ಲಾಸ್ ವಾಸಿ: ಹುಲ್ಲಿನ ವಿಷಯಕ್ಕೇ ಬರೋಣ. ಹೊರಗಿನ ಹುಲ್ಲಿನ ಜೊತೆ ಕಳೆ ಬೀಜವೂ ಬರುತ್ತದೆ. ಎಲ್ಲೆಲ್ಲಿಂದಲೋ ಬಂದ ಕಸ ಸುರಿದು ಹೋದರೆ ಸಹಾಯ ಆಗುತ್ತದಾ?

ಕೊಟ್ಟಿಗೆ: ಕಸ! ತನ್ನ ದನಕ್ಕೆ ಇಟ್ಟುಕೊಂಡ ಮೇವನ್ನು ರಾತ್ರಿಯಿಡೀ ಲಾರಿ ಓಡಿಸಿ ತಂದುಕೊಟ್ಟವರ ಹುಲ್ಲು ಕಸವಾ? ಮಾತು ವಾಪಸ್ ತಗೊಳ್ಳಿ.

ಡಲ್ಲಾಸ್ ವಾಸಿ: ಕಳೆ ಬೀಜದ ಬಗ್ಗೆ ಹೇಳಿದೆ, ಕೊಟ್ಟವರ ಬಗ್ಗೆ ಅಲ್ಲ.

ಕೊಟ್ಟಿಗೆ: ಕಸ ಅಂತಲೇ ಬರೆದಿದ್ದೀರಿ, ಮೇಲೆ ಇದೆ ನೋಡಿ. ಇನ್ನೊಬ್ಬರ ಕಷ್ಟಕ್ಕೆ ಲಾರಿ ಹತ್ತಿದವರನ್ನು ಮನೆಯಲ್ಲಿ ಕೂತು ಹೀಗಂದರೆ ನನಗೆ ತಡೆಯೋಕಾಗಲ್ಲ.

ಪಶುವೈದ್ಯೆ: ಅಲ್ಲಿನ ಪಂಪಾ, ಕೆನೇಡಿಯನ್ ಎಂಬ ಊರುಗಳಲ್ಲಿ ಮೇವು ಇಳಿಸಿ ಹಂಚುವ ಜಾಗ ಇತ್ತು. ಅಲ್ಲಿಂದ ಒಯ್ದ ಹುಲ್ಲನ್ನು ದನಕ್ಕೆ ಒಂದೇ ಜಾಗದಲ್ಲಿ ಹಾಕಿದರೆ, ಕಳೆ ಮೊಳೆತರೂ ಅಲ್ಲೇ ಕಿತ್ತು ಹಾಕಬಹುದು. ಹುಲ್ಲೇ ಬೇಡ ಅನ್ನುವುದಕ್ಕೆ ಅದು ಕಾರಣ ಅಲ್ಲ.

ಡಲ್ಲಾಸ್ ವಾಸಿ: "ಬೇಡ" ಅಂತ ಎಲ್ಲಿ ಹೇಳಿದೆ? ಬೇಲಿ ಮೇಲು ಅಂದೆ.

ಲೆಕ್ಕದ ಪುಸ್ತಕ: ಬೇಲಿಗೆ 75% ಇದೆ ಅಂತ ಆಗಲೇ ಹೇಳಿದೆ. ಯಾರೂ ಓದುತ್ತಿಲ್ಲ.

ಡಲ್ಲಾಸ್ ವಾಸಿ: ಓದಿದೆ. ಅದರಲ್ಲಿ ಮುಂಗಡ ಸಿಗುವುದು ಹೆಚ್ಚೆಂದರೆ ಕಾಲುಭಾಗ. ಮಿಕ್ಕಿದ್ದಕ್ಕೆ ಕೆಲಸ ಮುಗಿಯುವವರೆಗೆ ಕೈಯಿಂದ ಹಾಕಬೇಕು. ದನವೂ ಹೋಗಿ, ಮಾರಲು ಕರುವೂ ಇಲ್ಲದವನು ಮೈಲಿಗಟ್ಟಲೆ ತಂತಿ, ಕಂಬ ಎಲ್ಲಿಂದ ತರಬೇಕು?

ಗಾಳಿಪಟ: ಕಂಬ ಅಂದ್ರೆ ನೆನಪಾಯ್ತು. ಬೆಂಕಿ ಶುರುವಾದದ್ದೇ ಕೊಳೆತ ಕರೆಂಟ್ ಕಂಬದಿಂದ. ಬೆಂಕಿ ಹೊತ್ತಿದ್ದರಲ್ಲಿ ತನ್ನ ಸಲಕರಣೆಗಳ ಪಾತ್ರ ಇದ್ದಂತಿದೆ ಅಂತ ಎಕ್ಸೆಲ್ ಎನರ್ಜಿ ಅನ್ನೋ ಕರೆಂಟ್ ಕಂಪನಿಯೇ ಹೇಳಿತು. ನೀವೆಲ್ಲ ಹುಲ್ಲಿಗೆ ಜಗಳ ಆಡ್ತಾ ಇದ್ದೀರಿ. ಪೂರ್ತಿ ಅವರೇ ಕೊಡಲಿ.

ಲೆಕ್ಕದ ಪುಸ್ತಕ: ನಿರ್ಲಕ್ಷ್ಯ ಮಾಡಿಲ್ಲ ಅಂತಲೂ ಅದೇ ಕಂಪನಿ ಹೇಳಿತು. ಅರ್ಧ ಹೇಳಬೇಡಿ.

ಗಾಳಿಪಟ: ನೀವು ಹೊಟ್ಟೆಯ ಕರುವಿನ ಪ್ರಶ್ನೆಗೆ ಉತ್ತರ ಕೊಟ್ರಾ? ನೀವೂ ಅರ್ಧವೇ.

ಕೊಟ್ಟಿಗೆ: ಕಂಪನಿಯಿಂದ ದುಡ್ಡು ಬರೋವರೆಗೆ ದನ ಉಪವಾಸ ಇರಬೇಕಾ? ಅದಕ್ಕೇ ಮೊದಲು ಹುಲ್ಲು. ಮತ್ತೆ ಹೇಳ್ತೀನಿ, ಅದು ಕಸ ಅಲ್ಲ.

ಡಲ್ಲಾಸ್ ವಾಸಿ: ಮೊದಲ ವಾರ ಹುಲ್ಲು, ಸರಿ. ಎರಡನೇ ತಿಂಗಳು ಯಾರ ಲಾರಿಯೂ ಬರುವುದಿಲ್ಲ. ನಾನು ಕೇಳುತ್ತಿರುವುದು ಆ ತಿಂಗಳ ಬಗ್ಗೆ.