ಹಾಟ್ ಡಾಗ್ ಬೆಂದಿದೆ ಅಂತ ತಿಳಿಯೋದು ಹೇಗೆ?

ಪ್ರಶ್ನೆ – ಬನ್‌ಬೆಣ್ಣೆ
ಇಲ್ಲಿ ಅಮೆರಿಕದಲ್ಲಿ ಸಿಗೋ ಚಿಕನ್ ಹಾಟ್ ಡಾಗ್ (ಅರೆದ ಮಾಂಸದ ಉದ್ದನೆ ಸಾಸೇಜ್) ಪ್ಯಾಕೆಟ್ ಮೇಲೆ ‘ಪೂರ್ತಿ ಬೇಯಿಸಿದ್ದು’ ಅಂತಿದೆ. ಬರೀ ಬೆಚ್ಚಗೆ ಮಾಡಿದ್ರೆ ಸಾಕಾ? ಎಷ್ಟು ಕುದಿಸಿದ್ರೂ ಒಳಗೆ ಗುಲಾಬಿ ಬಣ್ಣವೇ ಇರುತ್ತೆ, ಮೇಲಿಂದ ಸಿಪ್ಪೆ ಉದ್ದಕ್ಕೂ ಸೀಳುತ್ತೆ. ತಿನ್ನೋರಲ್ಲಿ ಒಬ್ಬರು ಗರ್ಭಿಣಿ, ಮೂರು ವರ್ಷದ ಮಗುವೂ ಇದೆ.

ಕಾವಲಿ
ಬಣ್ಣ ನಂಬಬೇಡಿ. ಆ ಗುಲಾಬಿ ನೈಟ್ರೈಟ್‌ನಿಂದ (ಮಾಂಸ ಕೆಡದಂತೆ ಹಾಕೋ ಲವಣ) ಬಂದದ್ದು, ಎಷ್ಟು ಬೇಯಿಸಿದ್ರೂ ಹೋಗಲ್ಲ. ಕಾರ್ಖಾನೆಯಲ್ಲಿ ಬೆಂದಿರೋದು ನಿಜ, ಆದರೆ ಬೆಂದ ಮೇಲೆ, ಪ್ಯಾಕ್ ಆಗೋ ಮುಂಚೆ ಲಿಸ್ಟೀರಿಯಾ ಸೇರಬಹುದು. ಈ ಬ್ಯಾಕ್ಟೀರಿಯಾ ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತೆ. ಗರ್ಭಿಣಿಯರಿಗೆ, ವಯಸ್ಸಾದವರಿಗೆ ಅದು ಅಪಾಯ. ಹಾಗಾಗಿ ಒಳಗೆ 74 ಡಿಗ್ರಿ ಸೆಲ್ಸಿಯಸ್ (165 ಫ್ಯಾರನ್‌ಹೀಟ್) ಮುಟ್ಟಲೇಬೇಕು. ಥರ್ಮಾಮೀಟರನ್ನು ಪಕ್ಕದಿಂದಲ್ಲ, ತುದಿಯಿಂದ ನಡುವಿನವರೆಗೆ ಉದ್ದಕ್ಕೆ ಚುಚ್ಚಿ. ಪಕ್ಕದಿಂದ ಚುಚ್ಚಿದ್ರೆ ಮೊನೆ ಆಚೆ ಬದಿಗೆ ಬಂದು ತಪ್ಪು ತೋರಿಸುತ್ತೆ. ಪ್ಯಾಕೆಟ್ಟಿನ ನೀರು ಸಲಾಡ್ ಮೇಲೆ ತೊಟ್ಟಿಕ್ಕದಂತೆ ನೋಡ್ಕೊಳ್ಳಿ.

ಸಣ್ಣಉರಿ
ಸೀಳೋದಕ್ಕೆ ಕಾರಣ ಕೊತಕೊತ ಕುದಿತ. ಒಳಗಿನ ನೀರು ಆವಿಯಾಗಿ ಉಬ್ಬಿ ಸಿಪ್ಪೆ ಒಡೆಯುತ್ತೆ, ಉಪ್ಪು-ಕೊಬ್ಬು ನೀರಿಗೆ ಹೋಗಿ ಸಪ್ಪೆ ಆಗುತ್ತೆ. ನೀರು ಕುದಿ ಬಂದ ಮೇಲೆ ಉರಿ ತಗ್ಗಿಸಿ, ಸಣ್ಣ ಗುಳ್ಳೆ ಏಳ್ತಿರೋವಾಗ ಹಾಕಿ, 5-6 ನಿಮಿಷ. ನನಗೆ ಬಾಣಲೆಯೇ ವಾಸಿ: 3 ಚಮಚ ನೀರು, ಹಾಟ್ ಡಾಗ್, ಮುಚ್ಚಳ, ಮಧ್ಯಮ ಉರಿ, 5 ನಿಮಿಷ. ಆಮೇಲೆ ಮುಚ್ಚಳ ತೆಗೆದು ನೀರು ಇಂಗಿಸಿ, ಉರುಳಿಸ್ತಾ ಕೆಂಪಗೆ ಮಾಡಿ. ಫ್ರೀಜರ್‌ನಿಂದ ನೇರ ಬಾಣಲೆಗೆ ಹಾಕಿದ್ರೆ ಹೊರಗೆ ಕಪ್ಪಾದ್ರೂ ನಡುವೆ ತಣ್ಣಗೇ ಇರುತ್ತೆ; ಹಿಂದಿನ ರಾತ್ರಿಯೇ ಫ್ರಿಜ್ಜಿಗೆ ಇಳಿಸಿ. ಮೈಕ್ರೋವೇವ್ ಅಂದ್ರೆ ಒಂದು ತುದಿ ಸುಡುತ್ತೆ, ಇನ್ನೊಂದು ತಣ್ಣಗೆ. ಅದರಲ್ಲೇ ಮಾಡೋದಾದ್ರೆ ನಾಲ್ಕೈದು ಕಡೆ ಚುಚ್ಚಿ ಬಿಸಿ ಮಾಡಿ, ಆಮೇಲೆ ಒಂದು ನಿಮಿಷ ಬಿಟ್ಟು ಅಳೆಯಿರಿ.

ಬನ್‌ಬೆಣ್ಣೆ
ಬ್ರಾಟ್‌ವರ್ಸ್ಟ್‌ಗೂ (ಜರ್ಮನ್ ಸಾಸೇಜ್) ಇದೇ ಲೆಕ್ಕಾನಾ?

ಕಾವಲಿ
ಲೇಬಲ್ ನೋಡಿ. ಹಸಿ ಸಾಸೇಜ್ ಆದರೆ ಬರೀ ಬಿಸಿ ಮಾಡೋ ಮಾತಲ್ಲ, ಬೇಯಿಸಲೇಬೇಕು: ಹಂದಿ, ದನದ್ದಕ್ಕೆ 71 ಡಿಗ್ರಿ, ಕೋಳಿಯದಕ್ಕೆ 74.

ತಟ್ಟೆಲೋಟ
ಮಗುವಿಗೆ ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಕೊಡಲೇಬೇಡಿ, ಗಂಟಲಲ್ಲಿ ಬಿರಡೆ ಹಾಕಿದಂಗೆ ಸಿಕ್ಕಿಕೊಳ್ಳುತ್ತೆ. ಮೊದಲು ಉದ್ದಕ್ಕೆ ನಾಲ್ಕು ಸೀಳಿ, ಆಮೇಲೆ ಸಣ್ಣ ಚೂರು ಮಾಡಿ. ಪ್ಯಾಕೆಟ್ ಒಡೆದರೆ ಫ್ರಿಜ್ಜಲ್ಲಿ ಒಂದು ವಾರ, ಒಡೆಯದಿದ್ರೆ ಎರಡು ವಾರ. ಮೇಲಿನ ತಾರೀಖು ದಾಟಿದ್ರೆ ಅದೂ ಇಲ್ಲ. ಬಿಸಿ ಮಾಡಿದ್ದು ಹೊರಗೆ ಎರಡು ಗಂಟೆ ಮೀರಿದ್ರೆ ಎಸೆಯಿರಿ, 32 ಡಿಗ್ರಿ ದಾಟಿದ ಬಿಸಿಲಲ್ಲಾದ್ರೆ ಒಂದೇ ಗಂಟೆ.