ಸಹಾಯ ಬೇಕು: ನಮ್ಮ ಹೊಳೆಯ ನೀರುನಾಯಿಗಳು ಎಲ್ಲಿ ಹೋದವು?

ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಹತ್ತಿರ ಕಾವೇರಿ ದಂಡೆಯಲ್ಲಿ ನಮ್ಮ ತೋಟ. ಐದಾರು ವರ್ಷದ ಹಿಂದೆ ಬೆಳಗಾದರೆ ಬಂಡೆ ಮೇಲೆ ನೀರುನಾಯಿಗಳ ಹಿಕ್ಕೆ ಕಾಣುತ್ತಿತ್ತು, ಮೀನಿನ ಮುಳ್ಳು, ಏಡಿ ಚಿಪ್ಪು ತುಂಬಿದ್ದು. ಮರಿಗಳ ಕೀಚಲು ಮನೆಯವರೆಗೂ ಕೇಳುತ್ತಿತ್ತು. ಕಳೆದ ಎರಡು ವರ್ಷದಿಂದ ಬಂಡೆಗಳು ಖಾಲಿ.

ನನ್ನ ಅನುಮಾನ ಪಲ್ಪಿಂಗ್ ನೀರಿನ ಮೇಲೆ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜ ತೊಳೆದ ನೀರು. ಡಿಸೆಂಬರ್‌ನಿಂದ ಹೊಳೆ ಇಳಿಯುವ ಹೊತ್ತಿಗೇ ಕಾಫಿ ಹಣ್ಣಿನ ಲೋಳೆನೀರು ತೋಡಿಗೆ ಬಿದ್ದರೆ, ಅದು ಕೊಳೆಯುತ್ತಾ ನೀರಿನ ಆಮ್ಲಜನಕ ಹೀರಿಬಿಡುತ್ತದೆ. ಮೀನು ಸತ್ತರೆ ನೀರುನಾಯಿಗೆ ಊಟವೆಲ್ಲಿ? ಗಿಡದ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಸಿಂಪಡಣೆಯ ತಾಮ್ರ, ಕೀಟನಾಶಕಗಳೂ ಇವೆ. ಬ್ರಿಟನ್ನಿನಲ್ಲಿ 1950ರ ದಶಕದ ಕೊನೆಯಿಂದ ನೀರುನಾಯಿಗಳು ಕುಸಿದಾಗ ಡೀಲ್ಡ್ರಿನ್ ಎಂಬ ಕೀಟನಾಶಕವೇ ಮುಖ್ಯ ಕಾರಣವೆಂದು ವಿಜ್ಞಾನಿಗಳು ಹೇಳಿದ್ದರು. ಆದರೆ ಇಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವವರೂ ಇದ್ದಾರೆ, ಮರಳು ತೆಗೆಯುವವರೂ ಇದ್ದಾರೆ. ಸಾಕ್ಷಿಯಿಲ್ಲದೆ ಬೆಳೆಗಾರರನ್ನೇ ದೂರುವುದು ಸರಿಯಲ್ಲ, ನಾನೂ ಬೆಳೆಗಾರನೇ.

ತಿಳಿದವರು ಹೇಳಿ: ಪಲ್ಪಿಂಗ್‌ಗೆ ಮೊದಲು ಮತ್ತು ಆಮೇಲೆ, ತೋಡು ಸೇರುವ ಜಾಗದ ಮೇಲೂ ಕೆಳಗೂ ನೀರು ಪರೀಕ್ಷಿಸಿದರೆ ಸಾಕೇ? ಕರಗಿದ ಆಮ್ಲಜನಕ ಅಳೆಯುವ ಮೀಟರ್ ಯಾರಾದರೂ ಕೊಡುತ್ತೀರಾ? ಹಿಕ್ಕೆ ಸಂಗ್ರಹಿಸಲು ಅರಣ್ಯ ಇಲಾಖೆಯ ಅನುಮತಿ ಹೇಗೆ ಪಡೆಯಬೇಕು? ಪೊನ್ನಂಪೇಟೆ ಅರಣ್ಯ ಮಹಾವಿದ್ಯಾಲಯದಲ್ಲಿ ಓದಿದವರಿದ್ದರೆ ದಯವಿಟ್ಟು ಉತ್ತರಿಸಿ.

ದುಬಾರೆ, ಕುಶಾಲನಗರ ಕಡೆಯವರೇ, ನಿಮ್ಮಲ್ಲಿ ಈಗಲೂ ಕಾಣುತ್ತವೆಯೇ? ಕೊನೆಯ ಸಲ ಯಾವಾಗ, ಎಷ್ಟು ನೋಡಿದಿರಿ ಅಂತ ಬರೆಯಿರಿ. ಈ ಸಲದ ಪಲ್ಪಿಂಗ್ ಶುರುವಾಗುವ ಮೊದಲೇ ಮೊದಲ ನೀರು ತೆಗೆಯಬೇಕು.