ಅಪೊಕ್ಯಾಲಿಪ್ಟೊ: ಮಾಯಾ ಜನ ನಿಜಕ್ಕೂ ಹೀಗೇ ಇದ್ದರಾ?

ಕೇಳಿದವರು: ಸಿನಿಮಾಪ್ರಿಯ ಅಪ್ಪ

ಮೆಲ್ ಗಿಬ್ಸನ್ ನಿರ್ದೇಶನದ ಅಪೊಕ್ಯಾಲಿಪ್ಟೊ (2006) ನಿನ್ನೆ ನೋಡಿದೆ. ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ಮಾಯಾ ಜನರ ಕಥೆ ಅದು. ನಾಯಕ ಜಾಗ್ವಾರ್ ಪಾ ಕಾಡಲ್ಲಿ ಓಡುವ ಭಾಗದಲ್ಲಿ ಕೂತಲ್ಲಿಂದ ಅಲುಗಾಡಲಿಲ್ಲ. ಆದರೆ ಪಿರಮಿಡ್ ಮೇಲೆ ಎದೆ ಸೀಳಿ ಬಲಿ ಕೊಡೋದು, ತಲೆಗಳು ಮೆಟ್ಟಿಲ ಮೇಲೆ ಉರುಳೋದು ನೋಡಿ ತುಂಬಾ ಸಂಕಟ ಆಯಿತು. ಇದೆಲ್ಲ ನಿಜವಾ? ಹತ್ತನೇ ಕ್ಲಾಸಿನ ಮಗನಿಗೆ ಇತಿಹಾಸದ ಹುಚ್ಚು. ಅವನಿಗೆ ತೋರಿಸಬಹುದಾ?

ಉತ್ತರ: ಹಳೇಶಾಸನ

ಓಟದ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ ಸರ್. ಮೆಕ್ಸಿಕೋದ ವೆರಾಕ್ರೂಸ್ ಕಾಡಲ್ಲಿ ತೆಗೆದ ದೃಶ್ಯಗಳು ಅವು. ಮಾತೆಲ್ಲ ಯುಕಾಟೆಕ್ ಮಾಯಾ ಭಾಷೆಯಲ್ಲೇ ಇದೆ. ಆ ಭಾಷೆಯನ್ನು ಇವತ್ತಿಗೂ ಲಕ್ಷಾಂತರ ಜನ ಮನೆಯಲ್ಲಿ ಆಡುತ್ತಾರೆ. ಸುಣ್ಣದ ಧೂಳು ಮೆತ್ತಿಕೊಂಡ ಕೆಲಸಗಾರರನ್ನು ಗಮನಿಸಿದಿರಾ? ಕಟ್ಟಡಗಳ ಗಾರೆಗೆ ಬೇಕಾದ ಸುಣ್ಣ ಸುಡಲು ಕಾಡು ಕಡಿದರು ಅನ್ನೋದು ಎಲ್ ಮಿರಾಡೋರ್ ಎಂಬ ಹಳೇ ಮಾಯಾ ನಗರದಲ್ಲಿ ಉತ್ಖನನ ಮಾಡಿದ ರಿಚರ್ಡ್ ಹ್ಯಾನ್ಸನ್ ಅವರ ವಾದ. ಅವರೇ ಈ ಚಿತ್ರಕ್ಕೆ ಸಲಹೆಗಾರರು.

ಬಲಿ ಇತ್ತು, ಅದನ್ನು ಮುಚ್ಚಿಡೋದು ಬೇಡ. 738ರಲ್ಲಿ ಕೊಪಾನ್ ಎಂಬ ಮಾಯಾ ನಗರದ ರಾಜನನ್ನು ಪಕ್ಕದ ಕಿರಿಗುವಾದವರು ಸೆರೆ ಹಿಡಿದು ತಲೆ ಕಡಿದರು. ಬೋನಂಪಾಕ್ ಎಂಬ ಇನ್ನೊಂದು ಮಾಯಾ ಊರಿನ ಭಿತ್ತಿಚಿತ್ರಗಳಲ್ಲಿ ಸೆರೆಯಾಳುಗಳ ಬೆರಳಿನಿಂದ ರಕ್ತ ಸುರಿಯುತ್ತಿದೆ. ಆದರೆ ಹಳ್ಳಿ ಜನರನ್ನು ಹಿಡಿದು ತಂದು ಸಾಲಾಗಿ ಎದೆ ಸೀಳುವ ಆ ದೃಶ್ಯ, ಮಧ್ಯ ಮೆಕ್ಸಿಕೋದ ಅಜ್ಟೆಕ್ ಜನರ ರಾಜಧಾನಿ ಟೆನೋಚ್ಟಿಟ್ಲಾನ್ ಬಗ್ಗೆ ಓದುವ ವಿವರಗಳಿಗೇ ಜಾಸ್ತಿ ಹತ್ತಿರ. ಕಾಲವೂ ಕಲಸಿಹೋಗಿದೆ. ಚಿತ್ರದಲ್ಲಿ ಕಾಣುವಂಥ ಗುಡಿಗಳಿದ್ದ, ಟಿಕಾಲ್‌ನಂಥ ದಕ್ಷಿಣದ ದೊಡ್ಡ ಮಾಯಾ ನಗರಗಳು 9ನೇ ಶತಮಾನದಲ್ಲೇ ಪಾಳು ಬಿದ್ದವು. ಕೊನೆಯಲ್ಲಿ ಬರುವ ಸ್ಪೇನ್ ಹಡಗುಗಳು 16ನೇ ಶತಮಾನದ್ದು.

ನನಗೆ ನೋವಾಗೋದು ಬೇರೆ ಕಡೆ. ಒಳಗಿಂದ ಹಾಳಾಗುವವರೆಗೂ ಒಂದು ನಾಗರಿಕತೆಯನ್ನು ಹೊರಗಿನವರು ಗೆಲ್ಲಲಾರರು ಎಂಬ ಮಾತಿನಿಂದ ಚಿತ್ರ ಶುರುವಾಗುತ್ತದೆ. ಹಾಗಾದರೆ 1562ರಲ್ಲಿ ಮಾನಿ ಊರಲ್ಲಿ ಡಿಯೇಗೊ ದೆ ಲಾಂಡಾ ಎಂಬ ಸ್ಪೇನ್ ಪಾದ್ರಿ ಮಾಯಾ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟಿದ್ದು ಏನು? ಇವತ್ತು ಉಳಿದಿರೋದು ನಾಲ್ಕೇ ಪುಸ್ತಕ. ಮಾಯಾದವರಲ್ಲೇ ಒಂದು ಪಂಗಡವಾದ ಇಟ್ಜಾ ಜನರ ನೊಹ್‌ಪೆಟೆನ್ ನಗರ 1697ರವರೆಗೂ ಸ್ಪೇನಿಗೆ ತಲೆಬಾಗಿರಲಿಲ್ಲ. ಅವರು ತಾವಾಗಿಯೇ ಕೊಳೆತು ಹೋದವರಲ್ಲ. ಸೊನ್ನೆ ಬಳಸುತ್ತಿದ್ದ, ಲಿಪಿ ಇದ್ದ ಜನ ಅನ್ನೋದು ಎರಡು ಗಂಟೆ ಮೀರಿದ ಈ ಚಿತ್ರ ನೋಡಿದವರಿಗೆ ಗೊತ್ತೇ ಆಗುವುದಿಲ್ಲ.

ಉತ್ತರ: ಇಬ್ಬರು ಮಕ್ಕಳ ತಾಯಿ

ಮಗನಿಗೆ ಈಗಲೇ ಬೇಡ ಅಣ್ಣ. ಬಲಿಗಿಂತ ನನ್ನನ್ನು ಕಾಡಿದ್ದು ಹಳ್ಳಿಯ ಮೇಲೆ ದಾಳಿ ಮಾಡುವ ಭಾಗ. ಮಗನ ಕಣ್ಣೆದುರೇ ಅಪ್ಪನ ಕತ್ತು ಕೊಯ್ಯುತ್ತಾರೆ. ಹೆಂಗಸರ ಮೇಲಿನ ದೌರ್ಜನ್ಯವೂ ಇದೆ. ಅಮೆರಿಕದಲ್ಲಿ ಇದಕ್ಕೆ ಆರ್ ಸರ್ಟಿಫಿಕೇಟ್. ಅಲ್ಲಿ 17 ತುಂಬದವರು ಥಿಯೇಟರಿಗೆ ಹೋಗಬೇಕಾದರೆ ದೊಡ್ಡವರು ಜೊತೆಗಿರಬೇಕು.

ಸಿನಿಮಾಪ್ರಿಯ ಅಪ್ಪ:

ಸರಿ ಅಕ್ಕ, ಸದ್ಯಕ್ಕೆ ತೋರಿಸಲ್ಲ. ಹಳೇಶಾಸನ ಅವರೇ, ಚಿತ್ರದಲ್ಲಿ ಸೂರ್ಯಗ್ರಹಣ ಹಿಡಿದಾಗ ಜನ ಅಷ್ಟು ಹೆದರೋದು ಸರಿನಾ?

ಹಳೇಶಾಸನ:

ಜನ ಹೆದರಿರಬಹುದು. ಆದರೆ ಪುರೋಹಿತರಿಗೆ ಗ್ರಹಣದ ಲೆಕ್ಕ ಗೊತ್ತಿತ್ತು. ಚಿತ್ರದಲ್ಲೂ ಪುರೋಹಿತ ರಾಜನ ಮುಖ ನೋಡುವ ರೀತಿಯಲ್ಲಿ ಅದು ಕಾಣುತ್ತದೆ, ಅಲ್ವಾ? ಅಷ್ಟು ಚೆನ್ನಾಗಿ ಯೋಚಿಸಿದವರು ಅದೇ ರಾತ್ರಿ ಆಕಾಶದಲ್ಲಿ ಪೂರ್ಣ ಚಂದ್ರನನ್ನು ತೋರಿಸುತ್ತಾರೆ! ಸೂರ್ಯಗ್ರಹಣ ಆಗೋದು ಅಮಾವಾಸ್ಯೆಗೆ. ಆ ರಾತ್ರಿ ಹುಣ್ಣಿಮೆ ಹೇಗೆ ಬರುತ್ತದೆ? ಆಕಾಶವನ್ನು ಅಷ್ಟು ಶ್ರದ್ಧೆಯಿಂದ ನೋಡಿದ ಜನರ ಕಥೆಯಲ್ಲಿ ಈ ತಪ್ಪು ಆಗಬಾರದಿತ್ತು. ಆ ನಾಲ್ಕು ಪುಸ್ತಕಗಳಲ್ಲಿ ಒಂದು ಜರ್ಮನಿಯ ಡ್ರೆಸ್ಡೆನ್ ಗ್ರಂಥಾಲಯದಲ್ಲಿದೆ. ಗ್ರಹಣದ ಪಟ್ಟಿ ಅದರಲ್ಲೇ ಇದೆ. ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ ಗ್ರಂಥಾಲಯದವರೇ ಆನ್‌ಲೈನಲ್ಲಿ ಹಾಕಿದ್ದಾರೆ. ಮಗನಿಗೆ ಮೊದಲು ಅದನ್ನು ತೋರಿಸಿ. ಚುಕ್ಕೆ ಅಂದರೆ ಒಂದು, ಗೆರೆ ಅಂದರೆ ಐದು. ಇಷ್ಟು ಹೇಳಿಕೊಟ್ಟರೆ ಉಳಿದ ಅಂಕಿಗಳನ್ನು ಅವನೇ ಓದಲು ಶುರು ಮಾಡುತ್ತಾನೆ.